ಎರಡನೇ ಸಹಿ

ಹೂವಿನಕ್ಕ ಕಳೆದ ಮಂಗಳವಾರ ಬಸ್ ಸ್ಟಾಪಿನ ಬೆಂಚಿನ ಮೇಲೆ ತೀರಿಕೊಂಡಳು. ಅರವತ್ತೊಂದು ವರ್ಷ. ಹೃದಯ ನಿಂತಿತು ಎಂದರು ಡಾಕ್ಟರು.

ಎರಡು ಎಕರೆ ಗುಲಾಬಿ, ಒಂದು ತಗಡಿನ ಶೆಡ್ಡು, ಮುಳ್ಳು ಗೀರಿ ಗೀರಿ ಒರಟಾದ ಕೈ. ಇಷ್ಟೇ ಅವಳದು. ಹೊಲವೂ ಅವಳೊಬ್ಬಳದಲ್ಲ, ಅಪ್ಪ ಅದನ್ನು ಅವಳ ಹೆಸರಿಗೂ ತಂಗಿಯ ಹೆಸರಿಗೂ ಜಂಟಿಯಾಗಿ ಬರೆದಿದ್ದ. ಆ ತಂಗಿ ಮಾತು ಬಿಟ್ಟು ಹನ್ನೊಂದು ವರ್ಷ. ಅಮ್ಮ ಸತ್ತ ಬೆಳಿಗ್ಗೆ, ಹಿಂದಿನ ಸಂಜೆ ಕೊಯ್ದಿಟ್ಟಿದ್ದ ಹೂವನ್ನು ಹೂವಿನಕ್ಕ ಮಾರುಕಟ್ಟೆಗೆ ಕಳಿಸಿಬಿಟ್ಟಿದ್ದಳು. ಇಟ್ಟರೆ ಬಾಡುತ್ತದೆ ಎಂಬುದೊಂದೇ ಅವಳಿಗೆ ತೋಚಿದ್ದು.

"ಅಮ್ಮನ್ನ ಇನ್ನೂ ಎತ್ತಿಲ್ಲ, ನಿನಗೆ ವ್ಯಾಪಾರ ಆಗ್ಬೇಕಿತ್ತಾ?" ಎಂದು ಕೇಳಿ ಹೋದ ತಂಗಿ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಬಂಧುಗಳು ಯಾರಾದರೂ ಬಂದರೆ ಹೂವಿನಕ್ಕ ಅದೂ ಇದೂ ಮಾತಾಡಿ, ಅವರು ಹೊರಟು ನಿಂತಾಗ, "ಅವಳಿಗೆ ಮೊಣಕಾಲು ನೋವಂತೆ, ಹೌದಾ?" ಎಂದು ಕೇಳುತ್ತಿದ್ದಳು.

ಸಾಂಕ್ರಾಮಿಕ ರೋಗ ಬಂದು ಮಾರುಕಟ್ಟೆಗೆ ಬೀಗ ಬಿತ್ತು. ಗಾಡಿಗಟ್ಟಲೆ ಗುಲಾಬಿ ಗೊಬ್ಬರದ ಗುಂಡಿ ಸೇರಿತು. ಆಮೇಲೆ ಸರ್ಕಾರ ಬೆಳೆಗಾರರಿಗೆ ಪರಿಹಾರ ಕೊಡುತ್ತೇನೆ ಎಂದಿತು. ಅರ್ಜಿಗೆ ಜಂಟಿ ಮಾಲೀಕರಿಬ್ಬರ ಸಹಿಯೂ ಬೇಕಿತ್ತು.

ಕೃಷಿ ಕಚೇರಿಯ ಗುಮಾಸ್ತ ಒಳದಾರಿ ತೋರಿಸಿದ. "ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಒಂದು ಅಫಿಡವಿಟ್ ಕೊಡಿ ಅಕ್ಕ. ಪೂರ್ತಿ ದುಡ್ಡು ನಿಮಗೇ."

"ಗೊತ್ತಿಲ್ದೆ ಏನು? ಮೂರು ಗಂಟೆ ದಾರಿ, ಹಸಿರು ಬಾಗಿಲಿನ ಮನೆ. ಇದ್ದೋಳನ್ನ ಇಲ್ಲ ಅಂತ ಬರೀಲಾ?"

"ಹೋಗಿದ್ರಾ?"

"ಬಾಗಿಲ ತನಕ."

ಅರ್ಜಿಯನ್ನು ತಂಗಿಯ ವಿಳಾಸಕ್ಕೆ ಅಂಚೆಗೆ ಹಾಕಿದಳು. ಒಂಬತ್ತನೇ ದಿನ ಅದು ಸಹಿಯಾಗಿ ವಾಪಸ್ಸು ಬಂತು. ಹೂವಿನಕ್ಕ ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದಳು, ಒಳಗೆ ಬೆರಳು ಹಾಕಿ ತಡಕಿದಳು. ಒಂದು ಚೀಟಿಯೂ ಇರಲಿಲ್ಲ.

ಮರುದಿನ ಗುಮಾಸ್ತ ಅರ್ಜಿ ತಿರುವಿ ಹಾಕಿದ. "ಸಾಕ್ಷಿ ಸಹಿ ಹಾಕೋ ಜಾಗದಲ್ಲಿ ಹಾಕಿದ್ದಾರೆ. ಇರ್ಲಿ ಬಿಡಿ, ನಾನು ಸರಿಮಾಡ್ಕೋತೀನಿ."

ಹೂವಿನಕ್ಕನ ಮುಖ ಅರಳಿತು. "ಅದ್ಹೇಗಾಗುತ್ತೆ? ತಪ್ಪು ಅಂದ್ರೆ ತಪ್ಪೇ. ಖುದ್ದಾಗಿ ಬಂದು ಸಹಿ ಹಾಕ್ಬೇಕು ಅಂತ ಕಾಗದ ಬರಿ."

"ಅಂಥ ರೂಲ್ಸೇ ಇಲ್ಲ ಅಕ್ಕ."

"ಇಷ್ಟು ವರ್ಷ ಇಲ್ದಿರೋ ರೂಲ್ಸೆಲ್ಲ ಹೇಳಿ ನಮ್ಮನ್ನ ಅಲೆದಾಡ್ಸಿದ್ದೀಯಲ್ಲೋ. ನನಗೋಸ್ಕರ ಇನ್ನೊಂದು ಹೇಳು, ಪುಣ್ಯಾತ್ಮ!"

ಅವನು ನಗುತ್ತಲೇ ಬರೆದ. ವಾರದೊಳಗೆ ತಂಗಿಯ ಫೋನು ಬಂತು.

"ಏನಕ್ಕ ಇದು, ನಿಮ್ಮ ಆಫೀಸಿನವರ ಕಾಟ?"

ಅಕ್ಕ ಎಂಬ ಆ ಒಂದು ಮಾತಿಗೆ ಹೂವಿನಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. "ನಾನೇನ್ಮಾಡ್ಲಿ? ತುಂಬಾ ಕಟ್ಟುನಿಟ್ಟು ಅವನು," ಎಂದಳು.

"ಮಂಗಳವಾರ ಬರ್ತೀನಿ. ಸಹಿ ಹಾಕಿ ಹೊರಟೆ. ಊಟ ಗೀಟ ಅಂತ ಏನೂ ಮಾಡ್ಬೇಡ."

"ಮಾಡಲ್ಲ," ಎಂದವಳು ಸೋಮವಾರವೆಲ್ಲ ಅಡುಗೆಮನೆಯಿಂದ ಹೊರಬರಲಿಲ್ಲ.

ಮಂಗಳವಾರ ಒಂಬತ್ತಕ್ಕೇ ಬಸ್ ಸ್ಟಾಪಿಗೆ ಹೋದಳು. ತಂಗಿಯ ಬಸ್ಸು ಟೈರು ಒಡೆದು ದಾರಿಯಲ್ಲಿ ನಿಂತಿತ್ತು. ಫೋನು ಮನೆಯಲ್ಲೇ ಉಳಿದಿದ್ದರಿಂದ ಅದು ಅವಳಿಗೆ ತಿಳಿಯುವಂತಿರಲಿಲ್ಲ. ಮೂರು ಬಸ್ಸು ಬಂದು ಹೋದವು. ಪ್ರತಿ ಸಲವೂ ಎದ್ದು ನಿಂತು, ಇಳಿಯುವವರ ಮಾಸ್ಕಿನ ಮೇಲಿನ ಕಣ್ಣುಗಳನ್ನೇ ನೋಡಿದಳು. ಹನ್ನೊಂದು ವರ್ಷದ ಮೇಲೆ ಬರೀ ಕಣ್ಣಲ್ಲಿ ಗುರುತು ಹತ್ತೀತೇ ಎಂಬ ಅಳುಕು. ನಾಲ್ಕನೇ ಬಸ್ಸಿನ ಕಂಡಕ್ಟರನ್ನು ಕೇಳಿದಳು:

"ಹಿಂದೆ ಇನ್ನೊಂದು ಇದೆಯೇನಪ್ಪ?"

"ಇದೆ ಅಮ್ಮ. ಅರ್ಧ ಗಂಟೆ ಆಗುತ್ತೆ."

"ಅರ್ಧ ಗಂಟೆ ತಾನೇ," ಎಂದು ಹೋಗಿ ಬೆಂಚಿನ ಮೇಲೆ ಕೂತಳು.