ದೊಡ್ಡಮ್ಮನ ಕಾರಿಗೆ ದೊಡ್ಡ ಇಂಜಿನ್

ದೊಡ್ಡಮ್ಮನ ಬಲಗೈ ಎಡಗೈಗಿಂತ ತೀರ ಕಪ್ಪಾಗಿತ್ತು. ಮೊಣಕೈಯನ್ನು ಕಾರಿನ ಕಿಟಕಿಯ ಮೇಲಿಟ್ಟು ಮಂಗಳೂರಿನ ಬಿಸಿಲಲ್ಲಿ ವರ್ಷಗಟ್ಟಲೆ ಗಾಡಿ ಬಿಟ್ಟ ಗುರುತು ಅದು. ಮದುವೆ ಮನೆಗಳಲ್ಲಿ ಹೆಂಗಸರು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದರೆ, ಅವಳು ಎರಡೂ ಕೈಗಳನ್ನು ಮುಂದೆ ಚಾಚಿ, "ಸರಿಯಾಗಿ ನೋಡಿ. ಇದು ಮನೆಯ ಕೈ, ಇದು ರಸ್ತೆಯ ಕೈ" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ಕದ್ರಿಯಲ್ಲಿ ಕಾರು ಬಿಡುವ ಹೆಂಗಸರು ಬೆರಳೆಣಿಕೆಯಷ್ಟು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ಶೆಡ್ಡಿನಲ್ಲಿ ತುಕ್ಕು ಹಿಡಿಯುವುದನ್ನು ನೋಡಲಾರದೆ ಕಲಿತವಳು ಅವಳು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಕ್ಲಚ್ಚು ತುಳಿಯುತ್ತಿದ್ದಳು. ಕೇರಿಯ ಬಸುರಿಯರು ಆಸ್ಪತ್ರೆಗೆ ಹೋದದ್ದು, ಮಗು ಎತ್ತಿಕೊಂಡು ಮನೆಗೆ ಬಂದದ್ದು ಅವಳ ಕಾರಿನಲ್ಲೇ. ನನಗೆ ಕಾರು ಕಲಿಸಿದವಳೂ ಅವಳೇ. "ನಿಂತ ಗಾಡಿಯ ಸ್ಟೇರಿಂಗಿನ ಒಟ್ಟಿಗೆ ಕುಸ್ತಿ ಮಾಡ್ಬೇಡ ಮಾರಾಯ್ತಿ. ಸ್ವಲ್ಪ ಉರುಳ್ಲಿಕ್ಕೆ ಬಿಡು, ಅದೇ ತಿರುಗ್ತದೆ" ಎಂದು ಹೇಳಿಕೊಟ್ಟಿದ್ದಳು.

ಎಂಬತ್ತರ ದಶಕ ಶುರುವಾಗುವಾಗ ಆ ಇಂಜಿನ್ನು ಸೋತಿತ್ತು. ಹಿಂದಿನ ಸೀಟು ತುಂಬಿದರೆ ಕದ್ರಿಯ ಏರಿನಲ್ಲಿ ಏದುಸಿರು, ಹಿಂದೆ ಹೊಗೆ. ದೊಡ್ಡಮ್ಮ ಕುಲಶೇಖರದ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯ ಹತ್ತಿರ ಮಾತಾಡಿದಳು. ಇದ್ದ ಇಂಜಿನ್ನಿನ ಸಿಲಿಂಡರುಗಳನ್ನೇ ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿಸಬಹುದಿತ್ತು. ಇಲ್ಲವೇ ಅದನ್ನು ಎತ್ತಿ ಬಿಸಾಡಿ, ವ್ಯಾನಿನ ದೊಡ್ಡ ಡೀಸೆಲ್ ಇಂಜಿನ್ನು ಕೂರಿಸಬಹುದಿತ್ತು. ಆಗ ಊರಲ್ಲೆಲ್ಲ ಅದೇ ಹುಚ್ಚು. ದೊಡ್ಡಮ್ಮ ಹಾಗೆ ಡೀಸೆಲ್ ಹಾಕಿಸಿದ ಟ್ಯಾಕ್ಸಿಯೊಂದನ್ನು ಕೇಳಿ ಪಡೆದು ಒಂದು ಸುತ್ತು ಬಿಟ್ಟು ನೋಡಿದಳು. ಭುಜ ತಿಕ್ಕಿಕೊಳ್ಳುತ್ತಾ ಇಳಿದು, "ಮೂತಿ ಭಾರ ಉಂಟು. ತಿರುಗಿಸ್ಲಿಕ್ಕೆ ಪೈಲ್ವಾನ ಬೇಕು. ನನಗೂ ದೊಡ್ಡ ಇಂಜಿನ್ನೇ ಬೇಕು, ಆದ್ರೆ ನನ್ನ ಕೈಗೆ ಬಗ್ಗುವಷ್ಟು ದೊಡ್ಡದು. ಇದ್ದದ್ದನ್ನೇ ಬೋರ್ ಮಾಡಿಸಿ" ಎಂದಳು. ಮೇಸ್ತ್ರಿ ಆಗಲಿ ಎಂದ. ಅವಳು ಮಗಳ ಬಾಣಂತನಕ್ಕೆಂದು ಬೊಂಬಾಯಿಗೆ ಹೋದಳು.

ಇಲ್ಲಿ ನಮ್ಮ ಮನೆತನದ ಚಂದವನ್ನು ಸ್ವಲ್ಪ ಹೇಳಬೇಕು. ನಮ್ಮದು ಅಳಿಯಸಂತಾನದ ಕುಟುಂಬ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ ಎಂದು ಎದೆ ತಟ್ಟಿ ಹೇಳಿಕೊಳ್ಳುತ್ತೇವೆ. ಆ ಹೆಣ್ಣು ಒಂದು ತೆಂಗಿನಕಾಯಿ ಕೀಳಿಸಬೇಕಾದರೂ ಯಜಮಾನನಾದ ಅಣ್ಣನನ್ನು ಕೇಳಬೇಕು. ದೊಡ್ಡಮ್ಮನ ಅಣ್ಣ, ಅಂದರೆ ನನ್ನ ಮಾವ, ಗ್ಯಾರೇಜಿಗೆ ಹೋಗಿ, "ಅವಳಿಗೆ ಎಂತ ಗೊತ್ತುಂಟು? ಹಾಕುದಾದ್ರೆ ಆ ಡೀಸೆಲ್ಲೇ ಹಾಕು" ಎಂದರು. ಬೇಡ ಎಂದವಳ ಮಾತು ಕಿವಿಯಲ್ಲಿ ಇರುವಾಗಲೇ ಮೇಸ್ತ್ರಿ ಯಜಮಾನರಿಗೆ ತಲೆಯಾಡಿಸಿದ. ಹಳೆಯ ಇಂಜಿನ್ನು ಗುಜರಿಗೆ ಹೋಯಿತು. ಕಾರು ಅವಳದು, ಬಿಡುವವಳು ಅವಳು. ಅವಳನ್ನು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಬೊಂಬಾಯಿಯಿಂದ ಬಂದವಳು ಬಾನೆಟ್ ಎತ್ತಿ ನೋಡಿದಳು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟಳು. ನೇರ ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಕದ್ರಿಯ ತಿರುವಿನಲ್ಲಿ ಅವಳು ಸೀಟಿನಿಂದ ಅರ್ಧ ಎದ್ದು ಸ್ಟೇರಿಂಗ್ ಎಳೆದಳು. ಪೂರ್ತಿ ತಿರುಗಲಿಲ್ಲ. ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು, ಹಿಂದೆ ಮುಂದೆ ಬಸ್ಸುಗಳ ಹಾರ್ನು. ಒಬ್ಬ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೇಳಿದ, "ಮನೆಯಲ್ಲಿ ಗಂಡಸರು ಯಾರೂ ಇಲ್ವಾ ಅಮ್ಮ?"

"ಇದ್ದಾರೆ ಮಾರಾಯ, ಅದಕ್ಕೇ ಹೀಗಾದದ್ದು" ಎಂದಳು ದೊಡ್ಡಮ್ಮ. ಕೊನೆಗೆ ಅದೇ ಕಂಡಕ್ಟರ್ ಇಳಿದು ಬಂದು, ಕಿಟಕಿಯಿಂದ ಕೈ ಹಾಕಿ ಅವಳೊಂದಿಗೆ ಸ್ಟೇರಿಂಗ್ ಎಳೆಯಬೇಕಾಯಿತು.

ಸಂಜೆ ಮಾವ ನಗುತ್ತಾ ಬಂದರು. "ಅದಕ್ಕೆಂತ? ಒಬ್ಬ ಡ್ರೈವರನ್ನು ಇಡುವಾ. ನೀನು ಹಿಂದೆ ರಾಣಿಯ ಹಾಗೆ ಕೂತ್ಕೊ."

"ಕೂತ್ಕೊಳ್ಳಿಕ್ಕೆ ಮನೆಯಲ್ಲಿ ಬೇಕಾದಷ್ಟು ಕುರ್ಚಿ ಉಂಟು ಅಣ್ಣ. ಕಾರು ಇಟ್ಟದ್ದು ಬಿಡ್ಲಿಕ್ಕೆ" ಎಂದಳು ಅವಳು. ಮಾವ ಅದನ್ನೂ ತಮಾಷೆ ಎಂದುಕೊಂಡರು. ಡ್ರೈವರ್ ಬಂದ. ಕಾರಿನಲ್ಲಿ ಮಾವ ತಿರುಗಾಡಿದರು.

ದೊಡ್ಡಮ್ಮ ಮತ್ತೆ ಆ ಕಾರು ಹತ್ತಲಿಲ್ಲ. ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಜಗಳ ಮಾಡು, ಇಂಜಿನ್ ಬದಲಾಯಿಸು ಎಂದು ನಾನು ಹಾರಾಡಿದರೆ, "ಜಾಗ ನನ್ನ ಹೆಸರಿನದ್ದು, ಮನೆ ನನ್ನ ಹೆಸರಿನದ್ದು, ನಡೆಯುದು ಅಣ್ಣನ ಮಾತು. ಎಲ್ಲದಕ್ಕೂ ಜಗಳ ಮಾಡ್ತಾ ಕೂತ್ರೆ ಅನ್ನ ಬೇಯಿಸುದು ಯಾವಾಗ?" ಎನ್ನುತ್ತಿದ್ದಳು. ಕೇಳಿದಷ್ಟೂ ನನಗೆ ಮೈ ಉರಿಯುತ್ತಿತ್ತು.

ಆ ದಶಕ ಮುಗಿಯುವ ಮೊದಲೇ ಅವಳು ಹೋದಳು. ಉತ್ತರಕ್ರಿಯೆಯ ಊಟಕ್ಕೆ ಕೂತಿದ್ದೆವು, ಎಲೆಗೆ ಅನ್ನ ಬಿದ್ದಿತ್ತು. ಮಾವ ಪಕ್ಕದವರಿಗೆ ಹೇಳುತ್ತಿದ್ದರು, "ತಂಗಿಗೆ ನಾನು ಎಂತ ಕಡಿಮೆ ಮಾಡಿದ್ದೆ? ಈ ಊರಲ್ಲಿ ಯಾವ ಹೆಂಗಸಿನ ಕಾರಿಗೆ ಅಷ್ಟು ದೊಡ್ಡ ಇಂಜಿನ್ ಇತ್ತು?" ಪಂಕ್ತಿಯಲ್ಲಿದ್ದವರೆಲ್ಲ ಹೌದು ಹೌದೆಂದರು.

"ನೀವು ಇಂಜಿನ್ ಹಾಕಿಸಿದ್ದಲ್ಲ ಮಾವ, ದೊಡ್ಡಮ್ಮನನ್ನು ಕಾರಿಂದ ಇಳಿಸಿದ್ದು" ಎಂದೆ. ಅಮ್ಮ ನನ್ನ ಕೈ ಹಿಡಿದೆಳೆದಳು.

ಮಾವ ಸಿಟ್ಟಾಗಲಿಲ್ಲ. ನಿಜವಾಗಿಯೂ ತಿಳಿಯದವರ ಹಾಗೆ ನನ್ನನ್ನೇ ನೋಡಿ, "ಯಾರು ಇಳಿಸಿದ್ದು? ಅವಳೇ ಹತ್ತಲಿಲ್ಲ" ಎಂದರು.

ದೊಡ್ಡಮ್ಮನ ಹೆಸರಿನಲ್ಲಿ ಬಡಿಸಿದ ಅನ್ನ, ಬಿಟ್ಟು ಏಳಬಾರದೆಂದು ಗೊತ್ತಿತ್ತು. ಆದರೂ ಎದ್ದೆ.