ನೋಟಿಸ್ ಕೊಡದೆ ಸರಿದ ಬಟನ್

ನಮ್ಮಪ್ಪ ವಾಡಿಯಲ್ಲಿ ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದವರು. ನಿವೃತ್ತರಾದ ಮೇಲೆ ಓಣಿಯವರಿಗೆಲ್ಲ ಫೋನಿನಲ್ಲಿ ರೈಲು ಟಿಕೆಟ್ ಮಾಡಿಕೊಡುವುದೇ ಅವರ ಕೆಲಸ. ಬೆಳಿಗ್ಗೆ ಚಹಾ ಕುಡಿದು ಕಟ್ಟೆಯ ಮೇಲೆ ಕೂತರೆಂದರೆ ಒಬ್ಬರಲ್ಲ ಒಬ್ಬರು ಬರುತ್ತಿದ್ದರು. ಯಾವ ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಯಾವ ಬದಿಯ ಕಿಟಕಿಗೆ ಬಿಸಿಲು ಬಡಿಯುತ್ತದೆ ಎಂಬುದನ್ನೂ ಹೇಳಿ ಕಳಿಸುತ್ತಿದ್ದರು. ಆಪಿನಲ್ಲಿ ಅಕ್ಷರ ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಬೆರಳಿಗೆ ದಾರಿ ಗೊತ್ತಿತ್ತು.

ಹೋದ ವರ್ಷ ಒಂದು ದಿನ ಆ ಆಪು ಹೇಳದೆ ಕೇಳದೆ ವೇಷ ಬದಲಿಸಿತು. ಗಾಡಿ ಹುಡುಕುವ ಬಟನ್ ಇದ್ದಲ್ಲಿ ಎರಡು ಬಾಣಗಳು ಬಂದು ಕೂತಿದ್ದವು. ಅವನ್ನು ಒತ್ತಿದರೆ ಹೊರಡುವ ಊರು, ಮುಟ್ಟುವ ಊರು ಅದಲುಬದಲು. ಅಪ್ಪನ ಬೆರಳು ರೂಢಿಯಂತೆ ಅಲ್ಲಿಗೇ ಹೋಯಿತು. ನಾವು ಕಾಕು ಎಂದು ಕರೆಯುವ ಎದುರುಮನೆಯ ಹೆಂಗಸು ಮಗಳ ಹೆರಿಗೆಗೆಂದು ಮರುದಿನ ಸೋಲಾಪುರಕ್ಕೆ ಹೊರಟಿದ್ದರು. ಊರುಗಳು ತಿರುವುಮುರುವಾದದ್ದನ್ನು ಓದದೆಯೇ ಅಪ್ಪ ಮುಂದಿನ ಬಟನ್‌ಗಳನ್ನು ಒತ್ತಿ ಮುಗಿಸಿದರು. ಅವರಿಗೆ ಸೋಲಾಪುರದಿಂದ ವಾಡಿಗೆ ಟಿಕೆಟ್ ಆಯಿತು.

ಚಿತ್ತಾಪುರದ ಕಚೇರಿಯಿಂದ ಸಂಜೆ ಮನೆಗೆ ಬಂದು ಅದನ್ನು ನೋಡಿದವಳು ನಾನು. ಅಪ್ಪ ಕೆಂಡವಾದರು.

“ಲೈನ್ ಮ್ಯಾಲ ಒಂದು ಸಿಗ್ನಲ್ ಕಂಬ ಹತ್ತು ಹೆಜ್ಜಿ ಸರಿಸಬೇಕಾದ್ರೂ ನಮಗ ಮೊದಲ ನೋಟಿಸ್ ಕೊಡ್ತಿದ್ರು. ಓದಿ ಸಹಿ ಮಾಡ್ದೆ ಇಂಜಿನ್ ಹತ್ತಂಗಿದ್ದಿಲ್ಲ. ಇವ್ರು ಯಾರನ್ನ ಕೇಳಿ ಸರಿಸ್ಯಾರ?”

ಅವರ ಮಾತು ಸರಿಯಾಗಿಯೇ ಇತ್ತು. ಆದರೆ ನನಗೂ ಅವರದೇ ಸಿಟ್ಟು ಬಳುವಳಿಯಾಗಿ ಬಂದಿದೆ. “ಅಪ್ಪಾ, ಸಾಕ್ ಮಾಡ್ರಿ. ಇನ್ನ ಇದು ನಿಮ್ಮ ಕೈಲೆ ಆಗಂಗಿಲ್ಲ” ಎಂದುಬಿಟ್ಟೆ. ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಫೋನನ್ನು ನನ್ನ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಎದುರುಮನೆಗೆ ಹೋದರು.

“ತಪ್ಪ ನಂದ ಐತಿ” ಎಂದರಂತೆ. ಕಡಕ್ ರೊಟ್ಟಿ ಕಟ್ಟುತ್ತಿದ್ದ ಕಾಕು ನಕ್ಕುಬಿಟ್ಟರಂತೆ. “ಅಲ್ರೀ ಅಣ್ಣಾ, ಹೋಗೂದ್ರಾಗ ವಾಪಸ್ ಕರಸಾಕತ್ತೀರೇನು?”

ಅಷ್ಟು ಹೊತ್ತಿಗೆ ಬೇರೆ ರಿಸರ್ವೇಶನ್ ಸಿಗದೆ ಮರುದಿನ ಕಾಕು ಜನರಲ್ ಡಬ್ಬಿಯಲ್ಲೇ ಹೋದರು. ಅಪ್ಪ ಮೊದಲೇ ನುಗ್ಗಿ ಅವರಿಗೊಂದು ಸೀಟು ಹಿಡಿದುಕೊಟ್ಟು ಬಂದರು.

ಅಂದಿನಿಂದ ಅಪ್ಪ ಫೋನಿನಲ್ಲಿ ಟಿಕೆಟ್ ಮಾಡುವುದನ್ನೇ ಬಿಟ್ಟರು. ಯಾರು ಬಂದರೂ “ಮಗಳಿಗಿ ಕೇಳ್ರಿ” ಎನ್ನುತ್ತಿದ್ದರು. ನಾನು ಮಾಡಿಕೊಡುತ್ತಿದ್ದೆ. ಜನ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದರು, ಕಟ್ಟೆಯ ಮೇಲೆ ಕೂತು ಹರಟುವವರಿರಲಿಲ್ಲ. ಅಪ್ಪ ಒಳಗೆ ಕೂತು ಪೇಪರ್ ತಿರುವುತ್ತಿದ್ದರು. ಅದನ್ನು ನೋಡಿದಾಗೆಲ್ಲ ನನ್ನ ನಾಲಿಗೆ ಕಚ್ಚಿಕೊಳ್ಳಬೇಕು ಎನಿಸುತ್ತಿತ್ತು.

ತಿಂಗಳ ಮೇಲೆ ಕಾಕು ಸೋಲಾಪುರದಿಂದ ಫೋನ್ ಮಾಡಿದರು. ಬಾಣಂತಿಯನ್ನು ಕರೆದುಕೊಂಡು ಬರಬೇಕು, ಟಿಕೆಟ್ ಬೇಕು. ನಾನೇ ಮಾಡುತ್ತೇನೆ ಎಂದೆ.

“ನೀ ಬ್ಯಾಡವಾ. ಹಸಗೂಸಿನ ಜೋಡಿ ಬರಾಕತ್ತೀವಿ. ಅಣ್ಣಾರ ಕೈಲೇನ ಮಾಡಸು.”

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅಪ್ಪ ಪೇಪರ್ ಮಡಚಿಟ್ಟರು. ಕನ್ನಡಕ ಒರೆಸಿಕೊಂಡರು. ಇಂಜಿನ್ನಿನಲ್ಲಿ ಒಂದು ಪದ್ಧತಿಯಿದೆ: ಡ್ರೈವರ್ ಸಿಗ್ನಲ್ ನೋಡಿ ಕೂಗಿ ಹೇಳಬೇಕು, ಪಕ್ಕದ ಅಸಿಸ್ಟೆಂಟ್ ತಾನೂ ನೋಡಿ ಅದನ್ನೇ ತಿರುಗಿ ಕೂಗಬೇಕು. ಅಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

“ಸೋಲಾಪುರದಿಂದ.”

“ಸೋಲಾಪುರದಿಂದ” ಎಂದೆ.

“ವಾಡಿಗಿ.”

ಅಪ್ಪನ ಮುಖ ನೋಡುತ್ತಲೇ “ವಾಡಿಗಿ” ಎಂದೆ.

“ನನ್ನ ಮಾರಿ ನೋಡಬ್ಯಾಡ” ಎಂದರು ಅಪ್ಪ. “ಫೋನ್ ನೋಡಿ ಹೇಳು. ಕೂಸು ಬರಾಕತ್ತೈತಿ.”