ಬೇರೆಯವರ ಹೆಸರಲ್ಲಿ ಆಡಿದ ನಮ್ಮ ಬಸಣ್ಣ

ನಂಬಲಾಗುತ್ತಿಲ್ಲ...
ಬೆಳಗ್ಗೆ ಏಳಕ್ಕೆ ಕುರುಗೋಡಿನಿಂದ ಫೋನ್. ದೊಡ್ಡಬಸಪ್ಪನ ಮಗಳು ಗಂಗಮ್ಮ.
"ಕಾಕಾ, ಅಪ್ಪ ಹ್ವಾದ್ರಿ" ಅಂದಳು, ಅಷ್ಟೇ.
ಮೊನ್ನೆ ಸೋಮವಾರ ಮಾತಾಡಿದ್ದೇನೆ... ಮೊಣಕಾಲು ನೋವು ಬಿಟ್ಟರೆ ಗಟ್ಟಿ ಇದ್ದೀನಿ ಅಂದಿದ್ದ.

ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.
ಇನ್ನೊಂದು ತಾಸಿನಲ್ಲಿ ಕುರುಗೋಡಿನ ಬಸ್ಸು ಹಿಡಿಯಬೇಕು.
ಹೊರಡುವ ಮೊದಲು ಇದನ್ನು ಹೇಳದಿದ್ದರೆ ಆ ಮನೆಯ ಹೊಸ್ತಿಲು ದಾಟಲು ನನಗೆ ಮುಖವಿಲ್ಲ.

ದೊಡ್ಡಬಸಪ್ಪ ಯಾರು ಅಂತ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.
ಗೊತ್ತಾಗದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ...

ನಮ್ಮ ಕಾಲದಲ್ಲಿ ಬಳ್ಳಾರಿಯಲ್ಲಿ ಆಫೀಸ್ ಟೀಮುಗಳ ಫುಟ್‌ಬಾಲ್ ಜೋರು. ನಾನು ನಮ್ಮ ಆಫೀಸಿನ ಗೋಲ್‌ಕೀಪರ್.
ನೌಕರರು ಮಾತ್ರ ಆಡಬೇಕು ಅಂತ ರೂಲ್ಸ್.
ದೊಡ್ಡಬಸಪ್ಪ, ನಮಗೆಲ್ಲ ಬಸಣ್ಣ, ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಮಾಲಿ. ಒಂದು ಸಲ ಅವನ ಆಟ ನೋಡಿದ ಮೇಲೆ ನಮಗೆ ಅವನನ್ನು ಬಿಡಲು ಮನಸ್ಸಾಗಲಿಲ್ಲ.
ಆಫೀಸಿನಲ್ಲಿ ಚಂದ್ರಶೇಖರಪ್ಪ ಅಂತ ಕ್ಲರ್ಕ್ ಇದ್ದರು. ಚೆಂಡು ಬಂದರೆ ಪಕ್ಕಕ್ಕೆ ಸರಿಯುವ ಸಾಧು ಮನುಷ್ಯ.
ಪಟ್ಟಿಯಲ್ಲಿ ಅವರ ಹೆಸರು ಬರೆದು, ಮೈದಾನಕ್ಕೆ ಬಸಣ್ಣನನ್ನು ಇಳಿಸಿದೆವು.
ಒಂದು ಮ್ಯಾಚಲ್ಲ... ಒಂಬತ್ತು ವರ್ಷ.

ಬೆಳಗ್ಗೆ ಲಾರಿಗೆ ಅಕ್ಕಿ ಮೂಟೆ ಹೊತ್ತು, ಮಧ್ಯಾಹ್ನದ ಬಸ್ಸಿಗೆ ಬಂದು, ಸಂಜೆ ಆಡುತ್ತಿದ್ದ.
ಬೂಟು ಕೊಟ್ಟರೆ ಹಾಫ್ ಟೈಮಿಗೆ ಬಿಚ್ಚಿ ನನ್ನ ಗೋಲ್ ಪೋಸ್ಟಿನ ಹತ್ತಿರ ಎಸೆಯುತ್ತಿದ್ದ. "ಬೂಟು ಹಾಕ್ಕೊಂಡ್ರ ಚೆಂಡು ಎಲ್ಲೈತಿ ಅಂತ ಕಾಲಿಗೆ ಗೊತ್ತಾಗಂಗಿಲ್ಲಲೇ" ಅನ್ನುತ್ತಿದ್ದ.
ಬಲಗಡೆಯ ಗೆರೆ ಹಿಡಿದು ಓಡಿದನೆಂದರೆ ಎದುರಿನವರು ಅವನ ಬೆನ್ನು ನೋಡುತ್ತಾ ಬರಬೇಕು, ಅಷ್ಟೇ.

ಒಂದು ಸಲ ಕುರುಗೋಡಿನಿಂದ ಲಾರಿ ತುಂಬ ಜನ ಬಂದರು. ಊರಿನ ಹುಡುಗ ಆಡುತ್ತಾನೆ ಅಂತ.
"ಬಸಣ್ಣಾ... ಬಸಣ್ಣಾ..." ಅಂತ ಕೂಗು ಶುರುವಾಯಿತು. ರೆಫ್ರಿ ತಿರುಗಿ ಪಟ್ಟಿ ನೋಡಿದರು. ಸಿಕ್ಕಿಬಿದ್ದೆವು ಅಂದುಕೊಂಡೆವು.
ಅವನು ಚೆಂಡು ಬಿಟ್ಟು ಗೆರೆಯ ತನಕ ಹೋಗಿ, ಊರಿನವರಿಗೆ ಕೈ ಮುಗಿದ.
"ಯಪ್ಪಾ, ನನ್ನ ಹೆಸರು ಹಿಡದು ಕೂಗಬ್ಯಾಡ್ರಿ. ಚಂದ್ರೂ ಅನ್ರಿ. ಇಲ್ಲಾಂದ್ರ ಹೊರಗ ಹಾಕ್ತಾರ."
ಅವತ್ತು ಸ್ವಂತ ಊರಿನ ಜನ ಅವನನ್ನು ಚಂದ್ರೂ ಅಂತ ಕೂಗಿದರು. ನಾವು ಗೆದ್ದೆವು, ನಕ್ಕೆವು, ಮಿರ್ಚಿ ತಿಂದೆವು.


ಹೋದ ವರ್ಷ ಹಳೆಯ ಆಟಗಾರರೆಲ್ಲ ಸೇರಿ ಹಾಲ್ ಆಫ್ ಫೇಮ್ ಅಂತ ಒಂದು ಬೋರ್ಡ್ ಮಾಡಿಸಿದೆವು. ಯಾರೂ ನೆನೆಯದ ಮೊದಲಿನ ಆಟಗಾರರ ಹೆಸರು ಉಳಿಯಲಿ ಅಂತ...
ಅರ್ಜಿ ನೋಡುವ ಕೆಲಸ ನನ್ನದು. ಸರ್ಟಿಫಿಕೇಟ್ ಕಡ್ಡಾಯ ಅಂತ ನಿಯಮ ಮಾಡಿದವನೂ ನಾನೇ.
ಚಂದ್ರಶೇಖರಪ್ಪ ತೀರಿಕೊಂಡು ಬಹಳ ದಿನಗಳಾಗಿವೆ. ಅವರ ಹೆಂಡತಿ ಫೈಲ್ ಹಿಡಿದು ಬಂದರು. ಒಂಬತ್ತು ವರ್ಷದ ಸರ್ಟಿಫಿಕೇಟು, ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ.
"ನಮ್ಮನಿಯವ್ರು ಆಟದ ಸುದ್ದೀನ ಎತ್ತತಿದ್ದಿಲ್ರಿ. ಹೊಗಳಿಕಿ ಅವರಿಗೆ ಸೇರತಿದ್ದಿಲ್ಲ" ಅಂದರು.
ಆ ತಾಯಿಗೆ ಏನು ಹೇಳಲಿ?
ಸಹಿ ಹಾಕಿದೆ.

ಬಸಣ್ಣಾ...
ಅವತ್ತೇ ಕುರುಗೋಡಿಗೆ ಬಂದು ನಿನಗೆ ಹೇಳಿದೆ. ನೀನು ಬೈಯುತ್ತೀಯ ಅಂದುಕೊಂಡಿದ್ದೆ.
"ಇರಲಿ ಬಿಡಲೇ ಹನುಮಂತ. ಆ ಯವ್ವನ ಮುಂದ ನೀನರ ಹೆಂಗ ಹೇಳ್ತಿ" ಅಂದೆ ನೀನು.
ಬೋರ್ಡ್ ಹಾಕುವ ಕಾರ್ಯಕ್ರಮಕ್ಕೂ ನೀನು ಬಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದಿನ ಸಾಲಿನ ಕುರ್ಚಿ. ಚಂದ್ರಶೇಖರಪ್ಪನವರ ಹೆಸರು ಕರೆದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ನೀನು.
ಆಮೇಲೆ ಬೋರ್ಡಿನ ಮುಂದೆ ನಿಂತು ಮೇಲಿಂದ ಕೆಳಗಿನ ತನಕ ಓದಿದೆ. ನಾಲ್ಕನೆಯದು ನನ್ನ ಹೆಸರು. "ಚಲೋ ಆತಲೇ" ಅಂತ ನನ್ನ ಭುಜ ತಟ್ಟಿದೆ...
ನಮ್ಮ ಟೀಮಿನಲ್ಲಿ ಇನ್ನೂ ಉಳಿದ ಇಬ್ಬರು ಹಳಬರಿಂದ ಸರ್ಟಿಫಿಕೇಟಿನ ಬದಲು ಹೇಳಿಕೆ ಬರೆಸಿ, ಮುಂದಿನ ಪಟ್ಟಿಗೆ ನಿನ್ನ ಹೆಸರು ಸೇರಿಸುತ್ತೇನೆ ಅಂತ ಮಾತು ಕೊಟ್ಟೆ.
ನೀನು ಒಮ್ಮೆಯೂ ಕೇಳಲಿಲ್ಲ. ಕೇಳದ ಕಾರಣಕ್ಕೆ ನಾನೂ ಬರೆಸಲಿಲ್ಲ.
ಈಗ ಆ ಇಬ್ಬರಲ್ಲಿ ಒಬ್ಬರಿಗೆ ಮರೆವು... ನನ್ನ ಗುರುತೇ ಸಿಗುವುದಿಲ್ಲ.

ಚಂದ್ರಶೇಖರಪ್ಪನವರ ಮನೆಯವರೇ, ಈ ಪೋಸ್ಟ್ ಹಾಕುವ ಮೊದಲು ನಿಮಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ನೀವು ಫೋನ್ ಇಟ್ಟುಬಿಟ್ಟಿರಿ. ನಿಮ್ಮ ಮನಸ್ಸು ನೋಯಿಸಿದ್ದೇನೆ, ಕ್ಷಮಿಸಿ.
ನಿಮ್ಮ ಯಜಮಾನರು ಯಾರದನ್ನೂ ಕದಿಯಲಿಲ್ಲ. ಅವರು ಹೆಸರು ಕೊಡದಿದ್ದರೆ ಬಸಣ್ಣನಿಗೆ ಆ ಮೈದಾನವೇ ಸಿಗುತ್ತಿರಲಿಲ್ಲ.
ತಪ್ಪು, ಗೊತ್ತಿದ್ದೂ ಸಹಿ ಹಾಕಿದ ನನ್ನದು.

ಇಷ್ಟು ಬರೆಯುವಷ್ಟರಲ್ಲಿ ಗಂಗಮ್ಮ ಮತ್ತೆ ಫೋನ್ ಮಾಡಿದಳು.
ಊರ ಬಾಗಿಲಲ್ಲಿ ಕಟ್ಟಲು ಫ್ಲೆಕ್ಸ್ ಮಾಡಿಸುತ್ತಿದ್ದಾರಂತೆ.
"ಕಾಕಾ, ಅಪ್ಪನ ಹೆಸರಿನ ಕೆಳಗ ಫುಟ್‌ಬಾಲ್ ಆಟಗಾರರು ಅಂತ ಹಾಕಿಸಬೋದೇನ್ರಿ? ಕಾಗದ ಪತ್ರ ಏನೂ ಇಲ್ಲಲ್ರಿ... ಯಾರರ ತಕರಾರು ತಗದ್ರ?"

ಸತ್ತ ಮೇಲೂ ಅವನ ಮಗಳು ಪರ್ಮಿಷನ್ ಕೇಳುವ ಹಾಗೆ ಮಾಡಿಟ್ಟಿದ್ದೇವಲ್ಲ...
"ಹಾಕಸವ್ವಾ. ದೊಡ್ಡ ಅಕ್ಷರದಾಗ ಹಾಕಸು. ತಕರಾರು ತಗದವ್ರಿಗೆ ನಾನು ಉತ್ತರ ಕೊಡ್ತೀನಿ" ಅಂದೆ.

ಇನ್ನು ಯಾರ ಹೆಸರನ್ನೂ ಹೊರಬೇಡ ಬಸಣ್ಣ.
ಕುರುಗೋಡಿನ ದೊಡ್ಡಬಸಪ್ಪನಾಗಿಯೇ ಹೋಗಿ ಬಾ... ನಿನ್ನ ಜೀವ ತಣ್ಣಗಿರಲಿ.
🙏